ಹುಳು ಮೇಯುವ ಸದ್ದನ್ನು ಅಳಿಸಿದವನಿಗೆ

ಮುನೇಶ,

ಹೆಸರಿನ ಮುಂಚೆ ‘ಪ್ರೀತಿಯ’ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ. ಹೈಸ್ಕೂಲಿನಿಂದ ಜೊತೆಗಿದ್ದವನು ನೀನು. ಅದಕ್ಕೇ ಸಿಟ್ಟು ಇಷ್ಟು ಜಾಸ್ತಿ.

ಅವ್ವನ ಹಾಡು ತಲುಪಿತು. ‘ಸಿನಿಮಾ ಕ್ವಾಲಿಟಿ ಬಂದೈತೆ ನೋಡು’ ಎಂದು ಬೇರೆ ಬರೆದಿದ್ದೀಯ. ಯಾವ ಸಿನಿಮಾಕ್ಕೆ ಕೇಳಿದ್ದೆ ನಾನು?

ಯುಗಾದಿಗೆ ಮುಂಚೆ ನೀನು ರಾಮನಗರದ ನಿನ್ನ ಸ್ಟುಡಿಯೊದಿಂದ, ಹುಳುವಿಗೆ ಸೊಪ್ಪು ಹಾಕುತ್ತ ಅವ್ವ ಹಾಡುವುದನ್ನು ರೆಕಾರ್ಡ್ ಮಾಡಿಕೊಡಲು, ಮೈಕು, ಲ್ಯಾಪ್‌ಟಾಪು ಹೊತ್ತು ವಿರೂಪಾಕ್ಷಿಪುರಕ್ಕೆ ಬಂದೆ. ಕೈಕಾಲು ತೊಳೆಸಿಯೇ ಅವ್ವ ನಿನ್ನನ್ನು ಹುಳು ಮನೆಯೊಳಗೆ ಬಿಟ್ಟಳು. ರೇಷ್ಮೆ ಹುಳು ನಾಲ್ಕನೇ ಸಲ ಪೊರೆ ಬಿಟ್ಟು, ನಮ್ಮ ಮಾತಿನಲ್ಲಿ ನಾಲ್ಕನೇ ಜ್ವರ ಎದ್ದು, ಸೊಪ್ಪನ್ನು ಬಕಬಕನೆ ಮೇಯುತ್ತಿದ್ದ ದಿನಗಳು. ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಡಬ್ಬಿ ತೋರಿಸಿ, ಮೈಕಿಗೆ ಬಿದ್ದ ದನಿಯನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಮಾಡುವುದು ಇದೇ ಎಂದೆ. ದನಿ ಜೋರಾಗಿ ಒಡೆದು ಕೆಂಪು ದೀಪ ಹತ್ತದ ಹಾಗೆ ಗುಂಡಿ ತಿರುಗಿಸುವುದನ್ನೂ ಕಲಿಸಿದೆ. ಕಂಪ್ಯೂಟರಿನಲ್ಲಿ ದನಿ ತಿದ್ದುವ ಪ್ಲಗಿನ್ ಎಂದರೇನು ಎಂದು ಕೇಳಿದ್ದಕ್ಕೆ, ‘ಕನ್ನಡಕ ಇದ್ದಂಗೆ ಕಣೆ. ತೆಗೆದಿಟ್ರೆ ಕಣ್ಣು ಮೊದ್ಲಿದ್ದಂಗೇ ಇರ್ತದೆ’ ಎಂದೆ. ನಂಬಿದೆ.

ಹೊರಡುವಾಗ ‘ಒಸಿ ಕ್ಲೀನ್ ಮಾಡ್ಲಾ?’ ಎಂದು ಕೇಳಿದ್ದು ನಿಜ, ನಾನು ತಲೆಯಾಡಿಸಿದ್ದೂ ನಿಜ. ಬಸ್ಸಿನ ಹಾರನ್ ತೆಗೆಯುತ್ತೀಯ ಎಂದುಕೊಂಡಿದ್ದೆ. ನೀನು ಒಂದು ಪ್ಲಗಿನ್ ಹಾಕಿ ಹುಳು ಮೇಯುವ ಸದ್ದನ್ನೇ ಒರೆಸಿಬಿಟ್ಟೆ. ಕೆಳಗಿನ ತಟ್ಟೆಗೆ ಸೊಪ್ಪು ಹಾಕಲು ಬಗ್ಗಿದಾಗ ಅವ್ವನ ದನಿಯೂ ಬಗ್ಗುತ್ತದೆ. ಅದು ಅಪಶ್ರುತಿ ಎಂದು ಇನ್ನೊಂದು ಪ್ಲಗಿನ್ನಿನಿಂದ ನೆಟ್ಟಗೆ ಮಾಡಿದೆ. ಸಾಲು ಸಾಲಿನ ನಡುವೆ ಅವಳು ಸುಮ್ಮನಾಗುತ್ತಿದ್ದಳಲ್ಲ, ಅದನ್ನು ಕತ್ತರಿಸಿದೆ. ಅವಳೇನು ಸಾಲು ಮರೆತು ನಿಂತಿದ್ದಳೇ? ಹುಳು ಮೇಯುತ್ತಿವೆಯೋ ಇಲ್ಲವೋ ಎಂದು ಕಿವಿಗೊಡುತ್ತಿದ್ದಳು. ಸದ್ದು ತಗ್ಗಿದರೆ ರೋಗ ಬಂದಿದೆ ಎಂದು ಅವಳಿಗೆ ಮೊದಲು ತಿಳಿಯುತ್ತಿತ್ತು. ಮೂವತ್ತು ವರ್ಷ ಆ ಮನೆ ನಡೆದದ್ದು ಆ ಕಿವಿಯಿಂದ.

ನೀನು ಬಂದುಹೋಗಿ ಒಂದು ತಿಂಗಳಿಗೆ ಅವ್ವನಿಗೆ ಲಕ್ವ ಹೊಡೆದದ್ದು ನಿನಗೆ ಗೊತ್ತು. ಮಾತು ತೊದಲುತ್ತದೆ, ಹಾಡು ನಿಂತೇಹೋಯಿತು. ಹುಳು ಸಾಕುವುದನ್ನೂ ಬಿಟ್ಟೆವು. ಮೊನ್ನೆ ನಿನ್ನ ಹಾಡನ್ನು ಅವಳ ಕಿವಿಯ ಹತ್ತಿರ ಹಿಡಿದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಮುಖ ಗಂಟಿಕ್ಕಿ, ‘ಹುಳ ಯಾಕವ್ವ ಮೇಯ್ತಿಲ್ಲ?’ ಎಂದಳು. ಎದ್ದು ನೋಡಬೇಕೆಂದು ಮಂಚದಿಂದ ಕಾಲು ಇಳಿಬಿಟ್ಟಳು. ಆ ಕಾಲು ನಿಲ್ಲುವುದಿಲ್ಲ. ಅವಳನ್ನು ಹಿಡಿದುಕೊಂಡು ಅತ್ತುಬಿಟ್ಟೆ. ಅವತ್ತಿನಿಂದ ದಿನವೂ ಅದೇ ಪ್ರಶ್ನೆ.

ಫೋನು ಮಾಡಿ ಮೊದಲಿನ ರೆಕಾರ್ಡಿಂಗ್ ಕೇಳಿದರೆ, ‘ಅದ್ರಲ್ಲಿ ಬರೀ ಕಸ ಐತೆ, ತಗೊಂಡು ಏನ್ ಮಾಡ್ತೀಯ?’ ಎಂದು ನಕ್ಕೆ. ನನ್ನ ಅವ್ವನ ಬದುಕು ಕಣೋ ಆ ಕಸ.

ಭಾನುವಾರ ಮೊದಲ ಬಸ್ಸಿಗೇ ಹಾರ್ಡ್‌ಡಿಸ್ಕ್ ಹಿಡಿದು ಬರುತ್ತೇನೆ. ನಿನ್ನ ಕನ್ನಡಕಗಳನ್ನೆಲ್ಲ ತೆಗೆದು ಮೊದಲಿದ್ದ ಹಾಗೆಯೇ ಕೊಡು. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಅದನ್ನು ಅಳಿಸಿಬಿಟ್ಟಿದ್ದರೆ ಕ್ಷಮೆ ಕೇಳಬೇಡ. ವಾಪಸ್ ಬಸ್ಸಿನಲ್ಲಿ ನನ್ನ ಜೊತೆ ಊರಿಗೆ ಬಂದು ಮಂಚದ ಪಕ್ಕ ಕೂತುಕೋ. ಹುಳು ಏನಾದವು ಎಂದು ಅವ್ವನಿಗೆ ನೀನೇ ಹೇಳು.

ನಿನ್ನ ಕಿವಿಗೆ ಒಳ್ಳೆಯದಾಗಲಿ.

ಕೆಂಚಮ್ಮನ ಮಗಳು,
ದಿವ್ಯ