ತೊಟ್ಟಿಮನೆಯ ಕಡಲು

೨ ಫೆಬ್ರವರಿ ೧೯೭೦, ಸೋಮವಾರ. ಯಳಂದೂರು

ಕಡಲ ಮೀನಿಗೆ ಅಂತ ಕಟ್ಟಿಸಿದ ಟ್ಯಾಂಕಿನ ನೀರು ಮತ್ತೆ ಬದಲಾಯಿಸಿದೆ. ಸಿಮೆಂಟಿನ ಸುಣ್ಣ ಇನ್ನೂ ಬಿಡ್ತಾನೇ ಇದೆ. ಬೆರಳಿಗೆ ಜಾರು ಜಾರು. ಬರೀ ಬಾವಿನೀರು ತುಂಬಿಸೋದು, ಚೆಲ್ಲೋದು — ಸದ್ಯಕ್ಕೆ ಇಷ್ಟೇ ಕೆಲಸ.

ಮೂರು ಕಡೆ ಕರಿಕಲ್ಲಿನ ಚಪ್ಪಡಿ, ಮುಂದೆ ಮಾತ್ರ ದಪ್ಪ ಗಾಜು. ಆರಡಿ ಉದ್ದ. ಕಬ್ಬಿಣದ ಚೌಕಟ್ಟು ಸುಲಭ ಇತ್ತು. ಆದರೆ ಉಪ್ಪುನೀರಿಗೆ ತುಕ್ಕು ಹಿಡಿದ್ರೆ ಹವಳ ಉಳಿಯಲ್ಲ. ಗಾಜಿನ ಸಂದಿಗೆ ಗಾರೆ ಕೆಲಸದ ಮಾರಯ್ಯ ಟಾರು ಕಾಯಿಸಿ ಹುಯ್ದಿದ್ದಾನೆ. ಸೋರುತ್ತಿಲ್ಲ. ಇವತ್ತಿಗೆ ಅಷ್ಟು ಸಾಕು.

ಪಡಸಾಲೆ ಅಂಚಿಗೇ ಕಟ್ಟಿಸಿದ್ದು ತೊಟ್ಟಿಯ ಅಂಗಳಕ್ಕೆ ಬೀಳೋ ಬಿಸಿಲಿಗಾಗಿ. ಅತ್ತೆ ಆ ಕಡೆ ಹಾದು ಹೋಗುವಾಗೆಲ್ಲ ಮೂಗಿಗೆ ಸೆರಗು ಒತ್ತಿಕೊಳ್ತಾರೆ. ಮೀನೇ ಬಂದಿಲ್ಲ, ವಾಸನೆ ಎಲ್ಲಿಂದ?

೮ ಫೆಬ್ರವರಿ

ಊಟಕ್ಕೆ ಕೂತಾಗ ಮಾತು ಬಂದೇ ಬಂತು.

"ಲಿಂಗ ಕಟ್ಕಂಡೋರ ಮನೆಲಿ ಮೀನ ತಂದು ಮಡಗ್ತೀಯಾ ಚನ್ನಾಜಿ?"

ಇವರು ತಲೆ ಎತ್ತದೆ ಸಾರು ಕಲಸುತ್ತಾ, "ತಿನ್ನಕ್ಕಲ್ಲ ಕಣವ್ವ, ನೋಡಕ್ಕೆ" ಅಂದ್ರು.

"ನಿನ್ನ ಕೇಳ್ಲಿಲ್ಲ, ಸುಮ್ಗಿರು ಚಿಕ್ಕಮಾದಪ್ಪ."

ಗಂಡ ಮತ್ತೆ ಸಾರು ಕಲಸತೊಡಗಿದರು. ನಾನು ಹೇಳಿದೆ. ಮದ್ರಾಸಿನಲ್ಲಿ ಬಿ.ಎಸ್ಸಿ. ಓದುವಾಗ ಕಾಲೇಜಿನವರು ಮಂಡಪಂ ಕಡಲತೀರಕ್ಕೆ ಕರ್ಕೊಂಡು ಹೋಗಿದ್ದು. ಸೊಂಟದ ಮಟ್ಟ ನೀರಲ್ಲಿ ನಿಂತು, ತಳಕ್ಕೆ ಗಾಜು ಹಾಕಿದ ಡಬ್ಬದಲ್ಲಿ ಬಗ್ಗಿ ನೋಡಿದ್ದು. ಕೆಳಗೆ ಹವಳ, ಮೀನುಗಳ ಒಂದು ಊರೇ ಇತ್ತು. ಓದಿದ್ದು ಜುವಾಲಜಿ, ಮಾಡ್ತಿರೋದು ಅಕ್ಕಿ ಆರಿಸೋ ಕೆಲಸ. ಇದೊಂದು ಮಾಡ್ತೀನಿ ಅತ್ತೆ, ಬೇರೇನೂ ಕೇಳಲ್ಲ…

ಅತ್ತೆ ನನ್ನ ತಟ್ಟೆಗೆ ಸಾರು ಬಡಿಸಿದರು. ಆಮೇಲೆ — "ಆಯ್ತು. ಆದ್ರ ಒಂದ್ ಜೀವ ಸತ್ತೋದ್ರೂ ಅವತ್ತೇ ಎಲ್ಲಾನೂ ಆಚೆ ಸುರೀಬೇಕು. ಮೀನಿನ ಸಾವು ಈ ಮನೆಗ ಬ್ಯಾಡ. ಒಪ್ಕತೀಯಾ?"

ಒಪ್ಕೋತೀನಿ ಅಂದುಬಿಟ್ಟೆ. ಸಾಯದ ಮೀನು ಎಲ್ಲಿದೆ? ಓದಿದವಳು ಆಡೋ ಮಾತಾ ಅದು!

೧ ಮಾರ್ಚ್

ಸಮುದ್ರ ಬಂತು!

ನಮ್ಮ ಲಾರಿ ಹೇಗೂ ಉಪ್ಪಿಗೆ ತೂತುಕುಡಿಗೆ ಹೋಗ್ತಿರುತ್ತೆ. ಡ್ರೈವರ್ ಚಿನ್ನಸ್ವಾಮಿ ರಾಮಾಪುರದವನು, ತಮಿಳೂ ಸಲೀಸು. ದಡದ ನೀರು ಬೇಡ, ದೋಣಿಯಲ್ಲಿ ಒಳಗೆ ಹೋಗಿ ತುಂಬಿಸು, ಕಬ್ಬಿಣದ ಡ್ರಮ್ಮು ಮುಟ್ಟಿಸಬೇಡ ಅಂತ ಹತ್ತು ಸಲ ಹೇಳಿ ಕಳಿಸಿದ್ದೆ. ಮರದ ಪೀಪಾಯಿ, ಉಪ್ಪಿನಕಾಯಿ ಜಾಡಿ — ಸಿಕ್ಕಿದ್ದರಲ್ಲೆಲ್ಲ ತುಂಬಿಸಿ ತಂದಿದ್ದಾನೆ.

"ಪಾಲಾರ್ ಚೆಕ್‌ಪೋಸ್ಟಲ್ಲಿ ನಿಲ್ಸುದ್ರು ಅಮ್ಮಾವ್ರೆ. ಏನ್ಲಾ ಅದು, ಸಾರಾಯಾ ಅಂದ್ರು. ಸಮುದ್ರ ಸಾ ಅಂದೆ. ನಂಬ್ನೇ ಇಲ್ಲ. ಒಬ್ಬರು ಲೋಟದಾಗೆ ತಕಂಡು ಕುಡುದ್ರು."

"ಆಮೇಲೆ?"

"ಆಮೇಲೇನು, ಓಗು ಓಗು ಅಂದ್ರು."

ಉಪ್ಪಿನ ಅಂಶ ನೋಡೋಕೆ ಬೇರೆ ಸಾಮಾನಿಲ್ಲ. ಹಾಲಿನ ಡೈರಿಯಿಂದ ಹಾಲು ಅಳೆಯೋ ಲ್ಯಾಕ್ಟೋಮೀಟರ್ ಇಸ್ಕೊಂಡು ಬಂದು ನೀರಿಗೆ ಬಿಟ್ಟೆ. ಇಪ್ಪತ್ತೈದಕ್ಕೆ ನಿಂತಿತು. ಸಮುದ್ರದ ನೀರಿಗೆ ಸರಿಯಾಗಿದೆ. ಇವರು ಬಗ್ಗಿ ನೋಡಿ, "ನಮ್ಮ ಹಾಲಿನವನ ಹಾಲೂ ಇಷ್ಟೇ ತೋರ್ಸೋದು" ಅಂದ್ರು.

೧೯ ಮಾರ್ಚ್

ಲಾರಿಯ ಮುಂದಿನ ಸರದಿಗೆ ಹವಳ ಹತ್ತಿದ ಕಡಲ ಕಲ್ಲು ಬಂದವು. ಒದ್ದೆ ಗೋಣಿ, ಕಡಲ ಸೊಪ್ಪು ಸುತ್ತಿ. ನೋಡೋಕೆ ಬೂದು ಬಣ್ಣದ ಹೆಂಟೆ. ಮಾರಯ್ಯ, "ಇದ್ಕಾ ತೂತುಕುಡಿಗೆ ಓಗದು? ನಮ್ ಹೊಲದಾಗೆ ಇಲ್ವಾ?" ಅಂದ.

ನೀರಿಗಿಳಿಸಿದ ಕಲ್ಲಿನ ಮೇಲೆ ಮಧ್ಯಾಹ್ನ ಬಿಸಿಲು ಬಿತ್ತು. ಗಾಜಿನ ಮುಂದೆ ಕೂತೇ ಇದ್ದೆ. ಒಂದು ತೂತಿನಿಂದ ಉಗುರಿನಷ್ಟು ಏಡಿ ಇಣುಕಿತು. ನವಿಲುಗರಿಯಂಥದ್ದೊಂದು ಹುಳು ಬಿಚ್ಚಿಕೊಂಡಿತು, ನನ್ನ ನೆರಳು ಬಿದ್ದಿದ್ದೇ ಸರಕ್ಕನೆ ಒಳಗೆ. ಆಮೇಲೆ ಹವಳ. ಒಂದೊಂದೇ ಬಾಯಿ, ಸುತ್ತ ಸಣ್ಣ ಸಣ್ಣ ಬೆರಳು… ಮಂಡಪಂ ಬಿಟ್ಟ ಮೇಲೆ ಇದೇ ಮೊದಲು.

ಅಡುಗೆ ಮನೆ ಬಾಗಿಲಲ್ಲಿ ಅತ್ತೆ ನಿಂತಿದ್ದು ಗಾಜಿನಲ್ಲಿ ಕಂಡಿತು. ತಿರುಗಿ ನೋಡಿದಾಗ ಇರಲಿಲ್ಲ.

೫ ಏಪ್ರಿಲ್

ಮೀನು ಬಂದು ಮೂರು ದಿನ. ಎರಡು ಕಿತ್ತಳೆ ಬಣ್ಣದವು, ಬಿಳಿ ಪಟ್ಟೆ. ಒಂದು ಅಚ್ಚ ನೀಲಿ. ಲಾರಿ ಟ್ಯೂಬಿಗೆ ಗಾಳಿ ತುಂಬಿ, ಸಣ್ಣ ರಬ್ಬರ್ ಕೊಳವೆ ಸಿಕ್ಕಿಸಿ, ದಾರಿಯುದ್ದಕ್ಕೂ ಡಬ್ಬದ ನೀರಿಗೆ ಗುಳ್ಳೆ ಬಿಡಿಸ್ಕೊಂಡು ಬಂದಿದ್ದಾನೆ ಚಿನ್ನಸ್ವಾಮಿ. ಇಲ್ಲಿ ಕರೆಂಟಿನ ಪಂಪು ಇದೆ. ಆದರೂ ಕರೆಂಟು ಹೋದ್ರೆ ಇರಲಿ ಅಂತ ಟ್ಯೂಬನ್ನ ಇಲ್ಲೇ ಬಿಟ್ಟು ಹೋಗು ಅಂದೆ.

ಊರೆಲ್ಲ ನೋಡೋಕೆ ಬರ್ತಿದೆ. ಪಕ್ಕದ ಮನೆ ಕೆಂಪಾಜಮ್ಮನೂ ಬಂದಿದ್ರು. ಹೊರಡುವಾಗ ಜೊತೆಯವಳಿಗೆ, "ಮಕ್ಕಳಾಗ್ನಿಲ್ಲ ಅಂತ ಮೀನ ಸಾಕಂಡವ್ಳೆ, ಪಾಪ." ಮೆಲ್ಲಗೆ ಅಂದಿದ್ದು. ಆದರೂ ತೊಟ್ಟಿಮನೆಯಲ್ಲಿ ಎಲ್ಲ ಕೇಳುತ್ತೆ.

ಅತ್ತೆಗೂ ಕೇಳಿಸಿತು. ಎಲೆ ಅಡಿಕೆ ತಟ್ಟೆ ತೆಗೆದು ಒಳಗಿಟ್ಟರು.

ಇವತ್ತು ಬರೆಯೋಕೆ ಮನಸ್ಸಿಲ್ಲ.

೨೪ ಮೇ

ಕೊಳ್ಳೇಗಾಲದಿಂದ ಈಗ ಬಂದೆ. ಅಪ್ಪನ ಕಣ್ಣಿನ ಆಪರೇಷನ್ ಅಂತ ಹೋದವಳು ಎರಡು ವಾರ ಅಲ್ಲೇ ಉಳಿಯಬೇಕಾಯ್ತು. ಮೊನ್ನೆ ಬಿರುಗಾಳಿಗೆ ಯಳಂದೂರಿನಲ್ಲಿ ಕಂಬ ಬಿದ್ದಿವೆ, ಕರೆಂಟಿಲ್ಲ ಅಂತ ಬಸ್ಸಲ್ಲಿ ಯಾರೋ ಅಂದ್ರು. ಪಂಪು ನಿಂತಿರುತ್ತೆ. ಈ ಬಿಸಿಲು ಬೇರೆ. ಎಲ್ಲ ಮುಗಿದಿರುತ್ತೆ ಅಂದ್ಕೊಂಡೇ ಬಾಗಿಲು ದಾಟಿದೆ.

ಟ್ಯಾಂಕಿನ ಕಲ್ಲಿಗೆ ಸುತ್ತಲೂ ಒದ್ದೆ ಗೋಣಿ. ಮೇಲೆ ತೆಂಗಿನ ಗರಿ ನೆರಳು. ಲಾರಿ ಟ್ಯೂಬು ಪಕ್ಕದಲ್ಲಿ ಉಬ್ಬಿ ಕೂತಿದೆ, ಕೊಳವೆಯಿಂದ ಗುಳ್ಳೆ ಬರ್ತಾ ಇದೆ. ಅದರ ಮುಂದೆ ಕುಕ್ಕರಗಾಲಲ್ಲಿ ಅತ್ತೆ. ಕೈಯಲ್ಲಿ ಸೈಕಲ್ ಪಂಪು.

"ಚಿಕ್ಕಮಾದಪ್ಪ ಗದ್ದೆಗೋದ. ಅವ ಬರಗಂಟ ಬುಡಕ್ಕಾದ್ದಾ? ನೀ ಮೊದ್ಲು ಕಾಲ್ ತೊಳ್ಕ ಓಗು."

ಅಂಗೈ ನೋಡಿದೆ. ಬೊಬ್ಬೆ. ಎರಡು ಒಡೆದಿವೆ.

ಕಿತ್ತಳೆ ಮೀನು ಎರಡೂ ಇವೆ. ನೀಲಿ ಕಾಣಲಿಲ್ಲ.

"ಅದಾ? ಕಲ್ಲಿನ ಸಂದೀಲಿ ಅವುತ್ಕಂಡಿರ್ತದ" ಅಂದ್ರು. ನನ್ನ ಮುಖ ನೋಡದೆ.

೨೬ ಮೇ

ನೀಲಿ ಇವತ್ತೂ ತಿಂಡಿಗೆ ಬರಲಿಲ್ಲ. ಟಾರ್ಚ್ ಹಿಡಿದು ಕಲ್ಲು ಕಲ್ಲೂ ಹುಡುಕಿದೆ. ಇಲ್ಲ.

ಅತ್ತೆ ಹಿತ್ತಲಲ್ಲಿ ಅವರೆಬೇಳೆ ಕೇರುತ್ತಿದ್ರು. ಹೋಗಿ ನಿಂತೆ.

"ನೀಲಿ ಸತ್ತಿದೆ ಅತ್ತೆ. ಮಾತು ಕೊಟ್ಟಿದ್ದೀನಿ. ಮಾರಯ್ಯನಿಗೆ ಹೇಳಿ ಕಳಿಸ್ತೀನಿ, ನೀರು ಬಿಡೋಕೆ."

"ಸತ್ತದ್ದ ನೀ ಕಂಡಾ?"

"ಇಲ್ಲ."

ಮೊರ ಕೆಳಗಿಟ್ಟರು. "ನಾ ಕಂಡೆ. ಗಾಳಿ ಬಂದ ಮಾರನೇ ದಿನ. ಬೆಳಗಾಗೆದ್ದು ನೋಡ್ದೆ, ತೇಲ್ತಿತ್ತು. ಬಣ್ಣ ಒಂಚೂರೂ ಮಾಸಿರ್ನಿಲ್ಲ." ಬಿದ್ದ ಕಾಳು ಆರಿಸಿ ಮೊರಕ್ಕೆ ಹಾಕುತ್ತಾ, "ದಾಸವಾಳದ ಬುಡದಲ್ಲಿ ಮಣ್ ಮಾಡ್ದೆ. ಇಬೂತಿ ಇಕ್ಕಿ."

ವಿಭೂತಿ ಇಟ್ಟು. ನಮ್ಮವರನ್ನ ಮಣ್ಣು ಮಾಡೋ ಹಾಗೆ.

ಅವರ ಪಕ್ಕ ಕೂತೆ. "ಮತ್ತೆ ನೀವು ಹೇಳಿದ್ದು…?"

"ಆ ಮಾತ ಆಡ್ದಾಗ ನಾ ಮೀನ ನೋಡಿರ್ನಿಲ್ಲ ಕಣವ್ವ." ಮೊರ ಎತ್ತಿಕೊಂಡರು. "ಓಗು, ಗೋಣಿ ಒಣಗ್ಯದ, ನೀರ್ ಹಾಕು."

ಗೋಣಿಗೆ ನೀರು ಹಾಕುತ್ತಾ ಅತ್ತುಬಿಟ್ಟೆ. ಮೀನಿಗಾ, ಅತ್ತೆಗಾ… ಗೊತ್ತಿಲ್ಲ.

೧೪ ಜೂನ್

ಕರೆಂಟು ಸರಿಯಾಗಿದೆ. ಒಳ್ಳೆ ಮಳೆ. ನೀರು ತಣ್ಣಗಾಗಿದೆ. ಒಂದು ಹವಳ ಬಿಳುಚಿ ಹೋಗಿದೆ, ಮಿಕ್ಕವು ಪರವಾಗಿಲ್ಲ.

ಕೆಂಪಾಜಮ್ಮ ನೆಂಟರನ್ನ ಕರ್ಕೊಂಡು ಬಂದಿದ್ರು, ಮೀನು ತೋರಿಸೋಕೆ. "ಇದೇ ಕಣ್ರಿ, ಚನ್ನಾಜಮ್ಮ ಸಾಕಿರದು" ಅಂತ ಶುರು ಮಾಡಿದ್ರು. ಅತ್ತೆ ಒಳಗಿಂದಲೇ —

"ನಾ ಸಾಕಿರದು. ಏನಾರ ಅನ್ನಂಗಿದ್ರ ನನಗನ್ನು ಕೆಂಪಾಜಿ."

ಅತ್ತೆ ಎಲೆ ಅಡಿಕೆ ತಟ್ಟೆ ತಂದು ಎಲ್ಲರ ಮುಂದೆ ಇಟ್ಟರು.

೩೦ ಸೆಪ್ಟೆಂಬರ್

ಸ್ವಲ್ಪ ಹೊಸ ನೀರು ತರಿಸಬೇಕು. ಚಿನ್ನಸ್ವಾಮಿಗೆ ಮತ್ತೆ ಹತ್ತು ಸಲ ಹೇಳ್ತಾ ಇದ್ದೆ — ದೋಣಿ, ಒಳಗೆ, ಕಬ್ಬಿಣ ಬೇಡ. ಅತ್ತೆ ಕಾಫಿ ತಂದುಕೊಟ್ಟು ಅಲ್ಲೇ ನಿಂತರು.

"ಅಷ್ಟೊಂದ್ ಹೇಳ ಬದ್ಲು ನೀನೇ ಓಗ್ಬಾರ್ದಾ?"

"ಒಬ್ಬಳೇನಾ?"

"ನಾ ಇಲ್ವಾ?"

ಇವರು ಪೇಪರಿನ ಹಿಂದೆ ನಗ್ತಾ ಇದ್ರು.

೧೮ ಅಕ್ಟೋಬರ್. ತೂತುಕುಡಿ, ಬೆಳಗ್ಗೆ ೭

ಕವುಚಿ ಹಾಕಿದ ದೋಣಿ ಮೇಲೆ ಕೂತು ಬರೀತಿದ್ದೀನಿ. ಲಾರಿಯ ಕುಲುಕಾಟಕ್ಕೆ ಸೊಂಟ ಹೋಗಿದೆ. ಅತ್ತೆಗೆ ಏನೂ ಆಗಿಲ್ಲ. ಸ್ನಾನ, ಪೂಜೆ ಮುಗಿಸಿ ನನಗಿಂತ ಮೊದಲೇ ದಡಕ್ಕೆ ಬಂದಿದ್ರು.

ಬಹಳ ಹೊತ್ತು ನೋಡಿದ್ರು. ನೋಡಿದ್ರು, ನೋಡಿದ್ರು… ನಾನು ಕಾದೆ.

"ಇದೇನವ್ವ, ಇಷ್ಟೊಂದು ರಾಡಿ? ಒಂದ್ ಮೀನೂ ಕಾಣಕಿಲ್ಲ. ನಮ್ಮನೇದೇ ವಾಸಿ."

ಚಿನ್ನಸ್ವಾಮಿ ಪೀಪಾಯಿ ಬಿಟ್ಟು ನಕ್ಕ. ದೋಣಿಯವರಿಗೆ ತಮಿಳಲ್ಲಿ ಹೇಳಿದ, ಅವರೂ ನಕ್ಕರು. ಅತ್ತೆ ಯಾರನ್ನೂ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಈಗ ನೀರಿಗೆ ಇಳಿದಿದ್ದಾರೆ. ಕತ್ತಿನ ಲಿಂಗದ ಕರಡಿಗೆ ನೆನೆಯಬಾರದು ಅಂತ ಒಂದು ಕೈಯಲ್ಲಿ ಎತ್ತಿ ಹಿಡಿದಿದ್ದಾರೆ, ಇನ್ನೊಂದು ಕೈಯಲ್ಲಿ ನೆರಿಗೆ. ಮೊಣಕಾಲಿನ ತನಕ. ಒಂದು ಅಲೆ ಬಂತು. ಅಲುಗಲಿಲ್ಲ. ನೆರಿಗೆ ಕೈಬಿಟ್ಟರು, ಸೀರೆಯೆಲ್ಲ ಒದ್ದೆ. ಇನ್ನೂ ಮುಂದಕ್ಕೆ ಹೋಗ್ತಾ ಇದ್ದಾರೆ, ನಗ್ತಾ ಇದ್ದಾರೆ. ತಿರುಗಿ ನನ್ನ ಕಡೆ ಏನೋ ಕೂಗ್ತಾ ಇದ್ದಾರೆ. ಅಲೆ ಸದ್ದಿಗೆ ಕೇಳಿಸ್ತಿಲ್ಲ. ಮತ್ತೆ ಕೂಗಿದ್ರು. ಬಾರೇ ಅಂತ ಇರಬೇಕು. ಚಪ್ಪಲಿ ಇಲ್ಲೇ ಬಿಟ್ಟು ನಾನೂ ಹೊರಟೆ…