ನಲವತ್ನಾಲ್ಕು ಗೆರೆ ಗಾಳಿ

ಕೆಂಪುಹಳ್ಳ
ಬಿಸಿಲುವರ್ಷ ೧೪೩, ಹದಿನಾಲ್ಕನೆಯ ತಿಂಗಳ ಎರಡನೆಯ ದಿನ, ಮಂಗಳವಾರ

ನಮಗಿಂತ ಮೊದಲು ಈ ರಸ್ತೆಗಳಲ್ಲಿ ಓಡಾಡಿದವರಿಗೆ,

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ಬೇಸಿಗೆ ಹಳೆಯ ಲೆಕ್ಕಕ್ಕೆ ಬಗ್ಗದೆ ಹೋದಾಗ ನಮ್ಮ ಹಿರಿಯರು ವರ್ಷವನ್ನು ಹದಿನಾಲ್ಕು ತುಂಡು ಮಾಡಿದರಂತೆ. ಈ ಕಾಗದದಲ್ಲಿ ನಿಮಗೆ ಪರಿಚಯವಿಲ್ಲದ ನಾಲ್ಕೈದು ಮಾತುಗಳೂ ಬರುತ್ತವೆ. ಕ್ಷಮಿಸಬೇಕು, ಬಂದಲ್ಲೇ ಅರ್ಥ ಹೇಳುತ್ತೇನೆ. ಮೊದಲನೆಯದು ಹಿಂದೋಲೆ. ನಮ್ಮಲ್ಲಿ ಪದವಿ ಮುಗಿಸಿದವರೆಲ್ಲ ಹಿಂದಿನ ಕಾಲದವರಿಗೆ ಒಂದು ಕಾಗದ ಬರೆಯಬೇಕು. ಬರೆಯದಿದ್ದರೆ ಪದವಿಪತ್ರ ಕೊಡುವುದಿಲ್ಲ. ಅದು ತಲುಪುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನನ್ನ ಜೊತೆ ಸಾಹಿತ್ಯ ಓದಿದವರು ನದಿಗಳ ಬಗ್ಗೆ, ಗುಬ್ಬಚ್ಚಿಗಳ ಬಗ್ಗೆ ಬರೆದು ಕೊಟ್ಟಾಗಿದೆ. ನಾನು ಕಾರಿನ ಟೈರಿನ ಗಾಳಿಯ ಬಗ್ಗೆ ಬರೆಯುತ್ತಿದ್ದೇನೆ. ಕಳೆದ ಗುರುವಾರದಿಂದ ಬೇರೆ ಯಾವುದೂ ತಲೆಗೆ ಹೋಗುತ್ತಿಲ್ಲ.

ನಮ್ಮೂರಿಗೆ ಇರುವುದು ಒಂದೇ ಕಾರು. ಅದಕ್ಕೆ ಊರಗಾಡಿ ಎನ್ನುತ್ತೇವೆ. ಬ್ಯಾಟರಿ, ಮೋಟಾರು ಎಷ್ಟೋ ಸಲ ಬದಲಾಗಿವೆ, ಮೈ ಮಾತ್ರ ನಿಮ್ಮ ಕಾಲದ್ದೇ. ಏಳು ಜನ ಕೂರಬಹುದು. ರಬ್ಬರ್ ತೋಟಗಳಿಗೆ ಎಲೆರೋಗ ಬಂದು ಮರಗಳು ಸತ್ತ ಮೇಲೆ ಹೊಸ ಟೈರು ಬರುವುದು ನಿಂತಿತು. ಹಳೆಯದನ್ನೇ ಹೊಲಿದು, ಅಂಟಿಸಿ, ಮೇಲ್ಪದರ ಕಟ್ಟಿ ಓಡಿಸುತ್ತೇವೆ. ಸ್ಟೆಪ್ನಿ ಇಲ್ಲ, ಅದು ಮೂರು ವರ್ಷದ ಹಿಂದೆಯೇ ಮುಂದಿನ ಬಲಗಾಲಿಯಾಯಿತು. ಈ ಗಾಡಿಯನ್ನು ಊರು ಇನ್ನೂ ಇಟ್ಟುಕೊಂಡಿರುವುದು ಮುಖ್ಯವಾಗಿ ನೀಲಗಂಗವ್ವನಿಗಾಗಿ. ಆಕೆ ನಮ್ಮ ಬೀದಿಯ ಕೌದಿ ಹೊಲಿಯುವ ಹೆಂಗಸು, ಐವತ್ತರ ಆಸುಪಾಸು. ಎರಡೂ ಕಿಡ್ನಿ ಹೋಗಿವೆ. ಸೋಮವಾರ, ಗುರುವಾರ ವಿಜಯಪುರಕ್ಕೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ನೂರಿಪ್ಪತ್ತು ಕಿಲೋಮೀಟರ್. ಆಸ್ಪತ್ರೆಯ ಹಾಸಿಗೆ ಮಧ್ಯಾಹ್ನ ಮೂರರವರೆಗೆ ಆಕೆಯ ಹೆಸರಿನಲ್ಲಿರುತ್ತದೆ. ಮೂರು ದಾಟಿದರೆ ಕಾದು ಕೂತ ಇನ್ನೊಬ್ಬರಿಗೆ. ಆಕೆಯ ಸರದಿ ಮತ್ತೆ ನಾಲ್ಕು ದಿನಕ್ಕೆ. ಅಷ್ಟು ದಿನ ಆಕೆಯ ಮೈ ತಡೆಯುವುದಿಲ್ಲ.

ನನ್ನ ಕೆಲಸಕ್ಕೆ ಗಾಳಿನೋಟ ಎಂದು ಹೆಸರು. ಹಳೆಯ ಅಕ್ಷರ ಓದಲು ಬರುವವರು ಬೇಕು ಎಂದು ಊರವರು ಟೈರಿನ ಗಾಳಿ ಅಳೆಯುವ ಮಾಪಕವನ್ನು ನನ್ನ ಕೈಗೆ ಕೊಟ್ಟರು. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ನೀವು ಅಂಟಿಸಿದ ಚೀಟಿ ಇದೆ. ಅದರಲ್ಲಿ ಎರಡು ಅಂಕಿ: ಇಬ್ಬರು ಮೂವರಿದ್ದರೆ ಮೂವತ್ತೆರಡು, ಗಾಡಿ ತುಂಬಿದ್ದರೆ ಮೂವತ್ತೆಂಟು. ನೀವು ಪಿಎಸ್‌ಐ ಎನ್ನುತ್ತಿದ್ದುದನ್ನು ನಾವು ಗೆರೆ ಎನ್ನುತ್ತೇವೆ. ಕೆಳಗೆ ಸಣ್ಣದಾಗಿ, ಟೈರು ತಣ್ಣಗಿದ್ದಾಗ ಅಳೆಯಿರಿ ಎಂದಿದೆ. ನಮ್ಮಲ್ಲಿ ತಣ್ಣಗೆ ಎನ್ನುವುದು ಬೆಳಗಿನ ಆರು ಗಂಟೆಯ ಮಾತು. ಆಮೇಲೆ ಆ ಪದಕ್ಕೆ ಅರ್ಥವಿಲ್ಲ. ಕಳೆದ ಗುರುವಾರ ಆರು ಗಂಟೆಗೆ ನಾಲ್ಕೂ ಗಾಲಿಗೆ ಮೂವತ್ತೆಂಟು ಹಾಕಿ ಪುಸ್ತಕದಲ್ಲಿ ಬರೆದೆ. ಹತ್ತಕ್ಕೆ ಬ್ಯಾಟರಿ ತುಂಬಿತು, ಹೊರಟೆವು. ಚಾಲಕ ಸಂಗನಬಸು, ನೀಲಗಂಗವ್ವ, ಮಗಳ ಮನೆಗೆ ಎರಡು ಕೋಳಿ ಒಯ್ಯುತ್ತಿದ್ದ ಖಾಜಾಬಿ, ಕಲ್ಲುಕೆಲಸದ ಮೂವರು, ನಾನು.

ಅರ್ಧ ದಾರಿಯಲ್ಲಿ ನಡುಕಟ್ಟೆ ಬರುತ್ತದೆ. ಗಾಡಿಗಳು ಅಲ್ಲಿ ಒಂದು ಗಂಟೆ ಬಿಸಿಲಿಗೆ ಸೌರಫಲಕದ ರೆಕ್ಕೆ ಬಿಚ್ಚಿ ಬ್ಯಾಟರಿ ತುಂಬಿಕೊಳ್ಳುತ್ತವೆ. ರೆಕ್ಕೆಯ ನೆರಳು ಬಲಕ್ಕೆ ಬೀಳುತ್ತದೆ, ಎಡಗಾಲಿಗಳು ಬಿಸಿಲಿನಲ್ಲೇ ನಿಲ್ಲುತ್ತವೆ. ಹೊರಡುವ ಮುಂಚೆ ಸಮಗಾಳಿ ಆಗಬೇಕು. ಹಿಂದೊಮ್ಮೆ ಗಾಲಿಗಾಲಿಗೂ ಬೇರೆ ಬೇರೆ ಗಾಳಿಯಿದ್ದ ಗಾಡಿ ಮಗುಚಿ ಒಂಬತ್ತು ಜನ ಸತ್ತರು. ಅಂದಿನಿಂದ ಕಟ್ಟೆಯ ಹಿರಿಯ ನಾಲ್ಕೂ ಗಾಲಿ ಅಳೆದು ಸಮ ಮಾಡಿದ ಮೇಲೆಯೇ ಗೇಟು ತೆರೆಯುವುದು. ಈಗಿನ ಹಿರಿಯ ರುದ್ರಗೌಡ. ಬಿಳಿ ಮೀಸೆ, ದೊಡ್ಡ ದನಿ, ಎಲ್ಲರಿಗೂ ಬೇಕಾದ ಮನುಷ್ಯ. ಮಧ್ಯಾಹ್ನ ಹನ್ನೆರಡೂವರೆಗೆ ಬಂದು ಮಾಪಕ ಒತ್ತಿದ.

“ಎಡಕ್ಕ ನಲವತ್ನಾಕು, ಬಲಕ್ಕ ನಲವತ್ತೊಂದು! ಎಡಗಡಿ ಗಾಲಿ ನಿನಗ ಬೀಗರೇನವ್ವ, ಅವಕ್ಕ ಜಾಸ್ತಿ ಉಣಿಸೀದಿ?”

ಕಟ್ಟೆಯ ಮೇಲಿದ್ದವರು ನಕ್ಕರು. ನಾನು ಎರಡೂ ಅಂಕಿ ಬರೆದುಕೊಂಡೆ. ಅವು ಬಿಸಿಲಿಗೆ ಏರಿವೆ, ಹೊರಗೆ ಬಿಡಬೇಡಿ ಎನ್ನಬೇಕಿತ್ತು. “ಅಜ್ಜಾರ, ಬಿಸಲಿಗೆ…” ಎಂದೆ, ನನಗೇ ಕೇಳಿಸುವಷ್ಟು. ಅಷ್ಟರಲ್ಲಿ ಆತ ಪಿನ್ನು ಒತ್ತಿ ಗಾಳಿ ಬಿಡುತ್ತಿದ್ದ. “ಚೀಟ್ಯಾಗ ಮೂವತ್ತೆರಡು ಐತಿ, ಮೂವತ್ತೆರಡ ಇರಬೇಕು.” ಆತನಿಗೆ ಗೊತ್ತಿದ್ದದ್ದು ಮೊದಲ ಅಂಕಿ ಒಂದೇ. ನಾಲ್ಕೂ ಗಾಲಿ ಮೂವತ್ತೆರಡಕ್ಕೆ ಇಳಿದವು, ಅದೂ ಕಾದಿರುವಾಗ. ತಣ್ಣಗಾದರೆ ಎಡಗಾಲಿಗಳು ಇಪ್ಪತ್ತೆಂಟು ಮುಟ್ಟುವುದಿಲ್ಲ. ಒಳಗೆ ಏಳು ಜನ. ಆಮೇಲೆ ಆತ ಕಿಟಕಿಯೊಳಗೆ ಕೈ ಹಾಕಿ ಒಪ್ಪಿಗೆಗುಂಡಿ ಒತ್ತಿದ.

ಈ ಗುಂಡಿ ನಿಮ್ಮ ಕಾಲದ್ದೇ, ಹೆಸರು ಮಾತ್ರ ನಮ್ಮದು. ನಮ್ಮ ಗಾಡಿಯ ಗಾಲಿಯೊಳಗೆ ಅಳೆಯುವ ಸಾಧನವಿಲ್ಲ. ಗಾಲಿಗಳು ಹೇಗೆ ತಿರುಗುತ್ತಿವೆ ಎಂದು ಗಾಡಿ ನೋಡಿಕೊಳ್ಳುತ್ತದೆ, ನೆನಪಿನಲ್ಲಿರುವುದಕ್ಕಿಂತ ಬೇರೆಯಾದರೆ ದೀಪ ಹಚ್ಚುತ್ತದೆ. ಗುಂಡಿ ಒತ್ತಿದರೆ, ಈಗ ಇರುವುದೇ ಸರಿ ಎಂದು ಅದಕ್ಕೆ ಕಲಿಸಿದಂತೆ. ಹಳದಿ ದೀಪ ಮೂರು ಸಲ ಮಿನುಗಿ ಆರಿತು. ಇನ್ನು ಅದು ಎಚ್ಚರಿಸುವಂತಿರಲಿಲ್ಲ. ಗೇಟು ತೆರೆಯಿತು.

ಆಮೇಲಿನ ಮೂವತ್ತೊಂದು ಕಿಲೋಮೀಟರ್ ನಾನು ಬಾಯಿ ಬಿಡಲಿಲ್ಲ. ಹೊರಗೆ ನಲವತ್ತೊಂಬತ್ತು ಡಿಗ್ರಿ. ಹಿಂದಿನ ಎಡಗಾಲಿಯ ಮೇಲೆಯೇ ನನ್ನ ಸೀಟು. ನೀಲಗಂಗವ್ವ ನನ್ನ ಪಕ್ಕದಲ್ಲಿ. ಬೆಳಿಗ್ಗೆ ರಸ್ತೆಯ ಪ್ರತಿ ಬಿರುಕೂ ಟಕ್ ಟಕ್ ಎನ್ನುತ್ತಿತ್ತು, ಈಗ ಮೆತ್ತಗೆ ಅಮುಕಿದ ಸದ್ದು. ತಿರುವಿನಲ್ಲಿ ಗಾಡಿ ಒಂದು ಕ್ಷಣ ತಡವಾಗಿ ತಿರುಗುತ್ತಿತ್ತು. ಸಂಗನಬಸು ಎರಡು ಸಲ ಸ್ಟೇರಿಂಗು ಸರಿಪಡಿಸಿಕೊಂಡ. ನೀಲಗಂಗವ್ವನ ಪಾದ ಬಾತು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತಿತ್ತು. ಮಾತಿನ ನಡುವೆ ಆಕೆ ಉಸಿರಿಗೆ ನಿಲ್ಲುತ್ತಿದ್ದಳು. ಹೇಳಿದರೆ ಹೊತ್ತು ಹೋಗುತ್ತದೆ. ಹೇಳದಿದ್ದರೆ ಟೈರು ಹೋಗುತ್ತದೆ. ಪ್ರತಿ ಮೈಲಿಗಲ್ಲಿಗೂ, ಮುಂದಿನದು ಬಂದ ಮೇಲೆ ಹೇಳುತ್ತೇನೆ ಎಂದುಕೊಂಡೆ. ಆಗ ವಾಸನೆ ಬಂತು. ಕಾದ ಕಾವಲಿಯ ಮೇಲೆ ಚಪ್ಪಲಿ ಇಟ್ಟ ಹಾಗೆ.

“ನಿಲ್ಲಸ್ರಿ!”

ಖಾಜಾಬಿಯ ಕೋಳಿಗಳೂ ಬೆದರಿದವು. ಅಷ್ಟು ಜೋರಾಗಿ ನಾನು ಯಾವತ್ತೂ ಕೂಗಿರಲಿಲ್ಲ.

ಸಂಗನಬಸು ನಿಲ್ಲಿಸಿದ. “ಏನಾತು? ದೀಪ ಆರೇತಲ್ಲ!”

“ದೀಪಕ್ಕ ಸುಳ್ಳು ಕಲಿಸ್ಯಾರ್ರಿ,” ಎಂದು ಇಳಿದೆ. ಗಾಲಿಯ ಕಪಾಳ, ಎಂದರೆ ಟೈರಿನ ಪಕ್ಕದ ಗೋಡೆ, ಹೊರಗೆ ಉಬ್ಬಿ ನೆಲಕ್ಕೆ ಚಪ್ಪಟೆಯಾಗಿತ್ತು. ಕೈ ಇಟ್ಟವಳು ತಟ್ಟನೆ ತೆಗೆದೆ. ಒಂದು ಗಂಟೆ ಹತ್ತು ನಿಮಿಷ. ಇನ್ನೂ ಇಪ್ಪತ್ತೊಂಬತ್ತು ಕಿಲೋಮೀಟರ್ ಇತ್ತು.

ಕೈಪಂಪು ಇತ್ತು. ಎಷ್ಟು ಹಾಕಬೇಕು ಎನ್ನುವುದೇ ಗೊತ್ತಿರಲಿಲ್ಲ. ಚೀಟಿಯ ಮೂವತ್ತೆಂಟು ಬೆಳಗಿನ ಟೈರಿನದು, ಈ ಟೈರು ಕುದಿಯುತ್ತಿದೆ. ಕಲ್ಲುಕೆಲಸದವರಲ್ಲಿ ಒಬ್ಬ ಟೈರಿನ ಅಂಚು ನೋಡಿ, “ಇಲ್ಲೇ ಬರದೈತಲ್ಲಬೇ, ಐವತ್ತೊಂದು. ಹೊಡೀರಿ ಐವತ್ತೊಂದು,” ಎಂದ. ಅದು ಟೈರು ತಡೆಯುವ ಕೊನೆಯ ಮಿತಿ, ಗಾಡಿ ಕೇಳುವ ಗಾಳಿಯಲ್ಲ ಎಂದೆ. ಪುಸ್ತಕ ಬಿಚ್ಚಿದೆ. ರುದ್ರಗೌಡ ಗಾಳಿ ಬಿಡುವ ಮುಂಚೆ ಎಡಕ್ಕೆ ನಲವತ್ನಾಲ್ಕು, ಬಲಕ್ಕೆ ನಲವತ್ತೊಂದು. ಬೆಳಗಿನ ಗಾಳಿಯೇ ಕಟ್ಟೆಯ ಬಿಸಿಯಲ್ಲಿ ತೋರಿಸಿದ ಅಂಕಿಗಳು ಅವು. ಟೈರು ಕಟ್ಟೆಯಲ್ಲಿದ್ದ ಬಿಸಿಗೆ ಇಳಿದ ಮೇಲೆ ಮತ್ತೆ ಅಷ್ಟೇ ತುಂಬಿದರೆ ಹೋದ ಗಾಳಿ ಹೋದಷ್ಟೇ ಬಂದ ಹಾಗೆ. ಇದನ್ನೆಲ್ಲ ವಿವರಿಸಿ, ಆದರೆ ಅಷ್ಟು ಇಳಿಯಲು ಕಾಯಬೇಕು ಎಂದೆ.

“ಎಷ್ಟು ಹೊತ್ತು?” ಎಂದ ಸಂಗನಬಸು.

“ಇಪ್ಪತ್ತು ನಿಮಿಷ.”

“ಇಪ್ಪತ್ತು! ಮೂರಕ್ಕ ಹಾಸಿಗಿ ಹೋಗ್ತೈತಿ. ಕಥಿ ಓದಿದಾಕಿ ಕೈಯಾಗ ಮಾಪಕ ಕೊಟ್ಟು ಊರ ಜನ ನನ್ನ ಕೊರಳಿಗೆ ಕಟ್ಯಾರ. ಮ್ಯಾಲ ನಲವತ್ನಾಕು ಹೊಡದ್ರ ಒಡೀತೈತಿ, ತಿಳೀತೇನು?”

“ಮೆತ್ತಗ ಓಡಿದ್ರ ಒಡೀತೈತ್ರಿ. ಗಟ್ಟಿ ಇದ್ರ ಅಲ್ಲ. ಐವತ್ತೊಂದಕ್ಕ ಇನ್ನೂ ಏಳು ಗೆರಿ ದೂರ ಐತಿ.”

ಆತ ನೀಲಗಂಗವ್ವನ ಕಡೆ ನೋಡಿದ. ಆಕೆ ಬಾಗಿಲ ಹಿಡಿ ಹಿಡಿದುಕೊಂಡು, “ಹಾಸಿಗಿ ಹೋದ್ರ ನಾ ಒಬ್ಬಾಕಿ ಹೋಗ್ತೀನಿ,” ಎಂದು ಉಸಿರು ತೆಗೆದುಕೊಂಡಳು. “ಟೈರು ಒಡದ್ರ ಏಳು ಮಂದಿ. ಕೋಳಿ ಬ್ಯಾರೆ. ಆ ಹುಡುಗಿ ಹೇಳಿದಂಗ ಮಾಡು.”

ಖಾಜಾಬಿ ತನ್ನ ದುಪ್ಪಟಿ ಹಿಡಿದು ಗಾಲಿಗೆ ನೆರಳು ಮಾಡಿದಳು. ಒಂದೂ ಮೂವತ್ತೆರಡಕ್ಕೆ ಕೈ ಇಟ್ಟರೆ ಇಡಬಹುದಾಗಿತ್ತು. ಮಾಪಕ ಮೂವತ್ಮೂರು ತೋರಿಸಿತು. ಕಲ್ಲುಕೆಲಸದವರು ಸರದಿಯ ಮೇಲೆ ಪಂಪು ಒತ್ತಿದರು, ನಾನು ಎಣಿಸಿದೆ. ಹಿಂದಿನ ಎಡಗಾಲಿಗೆ ತೊಂಬತ್ತಾರು ಒತ್ತು. ಮಾಪಕ ನಲವತ್ತು ದಾಟಿದ ಮೇಲೆ ಒಂದೊಂದು ಒತ್ತಿಗೂ ಸಂಗನಬಸು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ನಾನು ಕೂಡಿಸಿ ಕಳೆದ ಲೆಕ್ಕ ತಪ್ಪಿದ್ದರೆ ಎಂದು ಪುಸ್ತಕದ ಅಂಕಿಯನ್ನು ಮತ್ತೊಮ್ಮೆ ನೋಡಿಕೊಂಡೆ. ನಲವತ್ನಾಲ್ಕು. ಒಡೆಯಲಿಲ್ಲ. ಉಳಿದ ಮೂರನ್ನೂ ಪುಸ್ತಕದ ಅಂಕಿಗೆ ತುಂಬಿಸಿ ಮುಗಿಸುವಾಗ ಗಂಟೆ ಎರಡೂ ಐದು. ಗಂಟೆಗೆ ನಲವತ್ತು ಕಿಲೋಮೀಟರ್ ಮೀರಬಾರದು ಎಂದೆ. ಸಂಗನಬಸು ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ನಾನು ಗಾಲಿಯ ಸದ್ದು ಕೇಳುತ್ತಿದ್ದಂತೆ ಆತನೂ ಕೇಳುತ್ತ ಓಡಿಸಿದ. ಆಸ್ಪತ್ರೆಯ ಮುಂದೆ ನಿಂತಾಗ ಗಂಟೆ ಎರಡೂ ಐವತ್ತೆರಡು. ನರ್ಸಮ್ಮ ಮುಂದಿನವರ ಹೆಸರು ಕೂಗಲು ಹೊರಬಂದಿದ್ದಳು, ನೀಲಗಂಗವ್ವನನ್ನು ನೋಡಿ ಆಕೆಯನ್ನೇ ಒಳಗೆ ಕರೆದುಕೊಂಡಳು.

ಮರುದಿನ ಹಿಂದಿರುಗುವಾಗ ರುದ್ರಗೌಡನಿಗೆ ಪುಸ್ತಕ ತೋರಿಸಿ ಹೇಳಿದೆ. ಆತ ಬಯ್ಯುತ್ತಾನೆಂದು ಕಾದೆ. ಅಂಕಿಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿ, “ನಲವತ್ತು ವರ್ಷ ಆತು ಗಾಳಿ ಬಿಡಾಕ ಹತ್ತಿ. ಎಷ್ಟು ಗಾಳಿನೋಟದವರು ಇಲ್ಲಿ ನಿಂತು ಹೋದ್ರು. ಯಾರೂ ಒಂದ ಮಾತು ಅಂದಿಲ್ಲಲ್ಲವ್ವ,” ಎಂದ. ಅವರಲ್ಲಿ ಕೆಲವರಿಗಾದರೂ ಗೊತ್ತಿತ್ತು. ನನಗೆ ಗೊತ್ತಿದ್ದ ಹಾಗೆಯೇ.

ಊರಿಗೆ ಬಂದು ಟೈರು ಬಿಚ್ಚಿದೆವು. ಒಳಗೆ ಎರಡು ಹಿಡಿ ಕಪ್ಪು ಪುಡಿ, ಕಪಾಳದ ಸುತ್ತ ಉಜ್ಜಿದ ಗೆರೆ. ಮೆತ್ತಗೆ ಓಡಿದ ಟೈರು ತನ್ನನ್ನು ತಾನೇ ಒಳಗಿನಿಂದ ಅರೆದುಕೊಳ್ಳುತ್ತದೆ. ಟೈರು ಹೊಲಿಯುವವನು ಬೆರಳಾಡಿಸಿ, ಇನ್ನು ನಾಲ್ಕು ಸಲ ಹೋಗಿ ಬರಬಹುದು, ಐದನೆಯದಕ್ಕೆ ನಾನು ಜವಾಬ್ದಾರನಲ್ಲ ಎಂದ. ಮೂವತ್ತೊಂದು ಕಿಲೋಮೀಟರಿನಲ್ಲಿ ಸವೆದದ್ದು ಅದು. ನೀಲಗಂಗವ್ವ ಕೌದಿಯ ಮೇಲಿಂದ ತಲೆಯೆತ್ತದೆ, “ನಾಕು ಅಂದ್ರ ಎರಡು ವಾರ,” ಎಂದಳು.

ಆದ್ದರಿಂದ ನನ್ನದೊಂದು ಕೋರಿಕೆ. ನಿಮ್ಮಲ್ಲಿ ಟೈರು ಅಂಗಡಿಯಲ್ಲಿ ಸಿಗುತ್ತವೆ. ಹಾಗಾಗಿ ಒಂದು ಮಧ್ಯಾಹ್ನದ ತಪ್ಪು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ದೂರ ಓಡಿ ಬಂದು ಬಂಕಿನಲ್ಲಿ ನಿಂತಾಗ ಅಂಕಿ ಹೆಚ್ಚಿದೆ ಎಂದು ಗಾಳಿ ಬಿಡಿಸಬೇಡಿ. ಬಾಗಿಲ ಕಂಬದ ಚೀಟಿ ಓದಿ, ಎರಡನೆಯ ಅಂಕಿಯನ್ನೂ ಓದಿ, ಮನೆಮಂದಿಯೆಲ್ಲ ಹೊರಡುವ ದಿನ ಅದನ್ನೇ ಹಾಕಿಸಿ. ಗಾಡಿ ಮೂರು ಗಂಟೆ ನಿಂತ ಮೇಲೆ, ಬಿಸಿಲು ಬೀಳುವ ಮುಂಚೆ ಅಳೆಯಿರಿ. ತಿಂಗಳಿಗೆ ಒಂದು ಸಲವಾದರೂ ಅಳೆಯಿರಿ. ಅಳೆಯದೆ ಆ ಗುಂಡಿ ಒತ್ತಬೇಡಿ. ಪಕ್ಕದಲ್ಲಿ ಕೂತವರು ಸಣ್ಣ ದನಿಯಲ್ಲಿ ಏನಾದರೂ ಹೇಳಿದರೆ, ಏನಂದಿರಿ ಎಂದು ಇನ್ನೊಮ್ಮೆ ಕೇಳಿ.

ನಿನ್ನೆ ಸೋಮವಾರ ಹೋಗಿ ಇವತ್ತು ಮಧ್ಯಾಹ್ನ ಬಂದೆವು. ರುದ್ರಗೌಡ ಅಳೆದ, ಗಾಳಿ ಬಿಡಲಿಲ್ಲ. ಕಾರಣವನ್ನು ಉಳಿದ ಚಾಲಕರೆದುರು ನನ್ನಿಂದಲೇ ಹೇಳಿಸಿದ. ಇವತ್ತು ಸಂಜೆ ಸಂಗನಬಸು ರೊಟ್ಟಿ ಕಟ್ಟಿಕೊಂಡು ಹಳೆಯ ಹೆದ್ದಾರಿಯ ಕಡೆ ಹೋದ. ಅಲ್ಲಿ ನಿಮ್ಮ ಕಾಲದ ಕಾರುಗಳು ಸಾಲಾಗಿ ಮಣ್ಣಿನಲ್ಲಿ ಕೂತಿವೆಯಂತೆ. ಯಾವುದಾದರೊಂದರ ಅಡಿಯಲ್ಲಿ ಬಿಸಿಲು ಕಾಣದ ಟೈರು ಇರಬಹುದು ಎಂದು ಆತನ ಆಸೆ. ಗಾಡಿ ಒಯ್ದಿಲ್ಲ. ನಡೆದೇ ಹೋಗಿದ್ದಾನೆ. ನಮಗಿನ್ನು ಮೂರು ಸಲ ಉಳಿದಿದೆ.

ಹೋಗಿ ಬರುತ್ತೇನೆ ಎನ್ನಲಾರೆ, ನಿಮ್ಮಲ್ಲಿಗೆ ದಾರಿ ಇಲ್ಲ. ನಿಮ್ಮ ಪ್ರಯಾಣ ಸುಖವಾಗಿರಲಿ.

ದಾನೇಶ್ವರಿ
ಗಾಳಿನೋಟ, ಕೆಂಪುಹಳ್ಳ