ಹಳದಿ ಉರಿ

ಅಪ್ಪಾ,

ನೀವು ತೀರಿಕೊಂಡು ತಿಂಗಳಾಯಿತು. ಗಾಲಿಗಳ ಮೇಲಿನ ನಿಮ್ಮ ಟ್ರೇಲರ್ ಮನೆಯನ್ನು ಬೇರೆಯವರಿಗೆ ಕೊಡುವ ಮೊದಲು ಗ್ಯಾಸ್ ಗೀಸರ್ ನೋಡೋಣವೆಂದು ಇವತ್ತು ಬಂದೆ. ಹೊರಗೋಡೆಯಲ್ಲಿ ಅದರ ಹೊಗೆಕಿಂಡಿಯ ಸುತ್ತ ಬಾಣಲೆಯ ತಳದ ಹಾಗೆ ಮಸಿ. ಹಚ್ಚಿದರೆ ಹಳದಿ ಉರಿ, ಸೋಮಾರಿಯ ಹಾಗೆ ಹೊರಳಾಡುತ್ತಿತ್ತು. ಗ್ಯಾಸ್ ಚಿಮ್ಮುವ ಜೆಟ್ ಬಿಚ್ಚಿ ಊದಿದೆ, ಹಾಕಿದೆ, ಮತ್ತೆ ಬಿಚ್ಚಿದೆ. ನೀವಿದ್ದಿದ್ದರೆ "ಮೊದ್ಲು ಗಾಳಿ ನೋಡು, ಆಮೇಲೆ ಗ್ಯಾಸು" ಎಂದು ಗದರುತ್ತಿದ್ದಿರಿ. ಊರವರ ಒಲೆ ರಿಪೇರಿಗೆ ಹೋದಾಗೆಲ್ಲ ನಾನು ಹಾಗೇ ಮಾಡುತ್ತೇನೆ. ನಿಮ್ಮದಕ್ಕೆ ಮಾತ್ರ ಮರೆತೆ.

ಬರ್ನರಿಗೆ ಗಾಳಿ ಹೋಗುವ ಕೊಳವೆಯಲ್ಲಿ ಜೇಡ ಗೂಡು ಕಟ್ಟಿತ್ತು. ಬಾಟಲಿ ತೊಳೆಯುವ ಬ್ರಷ್ ತೂರಿಸಿ ಎಳೆದೆ, ಹತ್ತಿಯುಂಡೆಯ ಹಾಗೆ ಬಂತು. ಉರಿ ನೀಲಿಯಾಯಿತು. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ.

ಪಕ್ಕದ ಟ್ರೇಲರಿನ ಅಜ್ಜಿ ನೋಡುತ್ತ ನಿಂತಿದ್ದರು.

"ಗೀಸರ್ ಹೊಗೆ ಕಾರತ್ತೆ ಅಂತ ಚಳಿಗಾಲ ಪೂರ್ತಿ ತಣ್ಣೀರಲ್ಲೇ ಸ್ನಾನ ಮಾಡಿದ್ರಮ್ಮ ನಿಮ್ಮಪ್ಪ. ಮಂಡಿ ಊರಿ ಬಗ್ಗಿ ನೋಡೋಕೆ ಆಗ್ತಿರ್ಲಿಲ್ಲ. ಯಾರನ್ನಾದ್ರೂ ಕರೆಸ್ಲಾ ಅಂದ್ರೆ, ಬೇಡ, ಮಗಳು ಬರ್ತಾಳೆ, ಬೇರೆಯವ್ರು ಕೈ ಹಾಕಿದ್ರೆ ಅವಳಿಗೆ ಸಿಟ್ಟು ಬರತ್ತೆ ಅಂತಿದ್ರು."

ಗೀಸರ್ ಕೆಟ್ಟಿದೆ ಎಂದು ನೀವು ಫೋನ್ ಮಾಡಿದ ಮೂರು ಸಲವೂ ನಾನು ಹೇಳಿದ್ದು ಒಂದೇ: "ಬಿಡುವಾದಾಗ ನೋಡೋಣ."

ಗೋಡೆಯ ಮಸಿ ಒರೆಸಿದೆ. ಒಳಗೆ ಬಂದು ನಲ್ಲಿ ತಿರುಗಿಸಿದರೆ ಕೈ ಸುಡುವಷ್ಟು ಬಿಸಿನೀರು. ಒಂದು ಬಕೆಟ್ ಹಿಡಿದಿಟ್ಟು ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಎರಡು ಸಲ ನೀರು ಆರಿತು. ಎರಡು ಸಲವೂ ಚೆಲ್ಲಿ ಮತ್ತೆ ಹಿಡಿದೆ.